ಪದ ಪರಿಚಯ: ಹೈ-ಸ್ಟ್ರೆಂತ್ ಕಾರ್ಬನ್ ಸ್ಟೀಲ್ ಬಾಯ್ಲರ್ ಪೈಪ್

ಬಾಯ್ಲರ್ ಕೆಲಸದವರು ಈ ಹೆಸರು ಹೇಳಿದರೆ ಹೆಚ್ಚಾಗಿ ಅವರ ಮನಸ್ಸಿನಲ್ಲಿರುವುದು ಅಮೆರಿಕದ ಮಾನಕ ಸಂಸ್ಥೆ ಎಎಸ್‌ಟಿಎಂನ ಎ106 ಗ್ರೇಡ್ ಸಿ. ಬಾಯ್ಲರ್ ಕೋಡ್‌ನಲ್ಲಿ ಇದನ್ನೇ ಎಸ್‌ಎ-106 ಎನ್ನುತ್ತಾರೆ. ಕೆಂಪಗೆ ಕಾದ ಉಕ್ಕಿನ ದಿಂಡಿಗೆ ತೂತು ಕೊರೆದು, ಉರುಳಿಸಿ ಹಿಗ್ಗಿಸಿ ಮಾಡಿದ ಸೀಮ್‌ಲೆಸ್ ಪೈಪ್ ಇದು. ಉದ್ದಕ್ಕೂ ಬೆಸುಗೆಯ ಗೆರೆ ಇರುವುದಿಲ್ಲ. ಕುಲುಮೆಯೊಳಗೆ ಬೆಂಕಿಗೆ ಮೈಯೊಡ್ಡುವ ಟ್ಯೂಬ್ ಬೇರೆ, ಅದರದು ಎಸ್‌ಎ-210 ಗ್ರೇಡ್ ಸಿ. ಟ್ಯೂಬನ್ನು ನಿಜವಾದ ಹೊರವ್ಯಾಸ ಹೇಳಿ ತರಿಸಬೇಕು, ಪೈಪನ್ನು ನಾಮಿನಲ್ ಸೈಜ್ (ಹೆಸರಿಗಷ್ಟೇ ಇರುವ ಅಳತೆ) ಮತ್ತು ಶೆಡ್ಯೂಲ್ (ಗೋಡೆಯ ದಪ್ಪ ಸೂಚಿಸುವ ಸಂಖ್ಯೆ) ಹೇಳಿ. 10 ಇಂಚಿನ ಪೈಪಿನ ಹೊರವ್ಯಾಸ 254 ಅಲ್ಲ, 273 ಮಿ.ಮೀ.

‘ಹೈ-ಸ್ಟ್ರೆಂತ್’ ಎಂದರೆ ಎಷ್ಟು? ಇದೇ ಎ106ರ ಕೆಳಗಿನ ದರ್ಜೆಯಾದ ಗ್ರೇಡ್ ಬಿ ಕನಿಷ್ಠ 415 ಮೆಗಾಪಾಸ್ಕಲ್ ಎಳೆತ ತಾಳಬೇಕು, ಗ್ರೇಡ್ ಸಿ 485. ಯೀಲ್ಡ್, ಅಂದರೆ ಉಕ್ಕು ಶಾಶ್ವತವಾಗಿ ಹಿಗ್ಗತೊಡಗುವ ಮಟ್ಟ, 240 ಇದ್ದದ್ದು 275 ಆಗುತ್ತದೆ. ಈ ಹೆಚ್ಚುವರಿ ಬಲ ಮುಖ್ಯವಾಗಿ ಇಂಗಾಲದ್ದು: ಬಿಯಲ್ಲಿ ಗರಿಷ್ಠ ಶೇ. 0.30, ಸಿಯಲ್ಲಿ ಶೇ. 0.35. ಕ್ರೋಮಿಯಂ, ಮಾಲಿಬ್ಡಿನಂ ಸೇರಿಸಿದ ಅಲಾಯ್ ಸ್ಟೀಲ್ ಎಂದು ಇದನ್ನು ಭಾವಿಸಬಾರದು.

ಲಾಭ ಸಿಗುವುದು ಗೋಡೆಯ ದಪ್ಪದಲ್ಲಿ, ಅದೂ ಪ್ರತಿ ಸಲವಲ್ಲ. 100 ಬಾರ್, 250 ಡಿಗ್ರಿ ಸೆಲ್ಸಿಯಸ್‌ನ ಫೀಡ್‌ವಾಟರ್ ಲೈನ್ (ಬಾಯ್ಲರಿಗೆ ನೀರುಣಿಸುವ ಪೈಪ್) ತೆಗೆದುಕೊಳ್ಳಿ. ಅನುಮತಿಸಿದ ಒತ್ತಡ (ನೀರಿನದಲ್ಲ, ಪೈಪಿನ ಲೋಹದೊಳಗಿನ ಸ್ಟ್ರೆಸ್) ಬಿಗೆ ಸುಮಾರು 118, ಸಿಗೆ 138 ಮೆಗಾಪಾಸ್ಕಲ್. 10 ಇಂಚಿನ ಪೈಪಿಗೆ ಲೆಕ್ಕದ ದಪ್ಪ ಬಿಯಲ್ಲಿ 11.2, ಸಿಯಲ್ಲಿ 9.6 ಮಿ.ಮೀ. ತುಕ್ಕಿಗೆಂದು 1 ಮಿ.ಮೀ. ಕೂಡಿಸಿ, ಪೈಪ್ ಕಾರ್ಖಾನೆಯಿಂದ ಶೇ. 12.5ರಷ್ಟು ತೆಳುವಾಗಿ ಬರಬಹುದಾದ್ದರಿಂದ 0.875ರಿಂದ ಭಾಗಿಸಿ. ಬಿಗೆ 13.9, ಸಿಗೆ 12.1 ಬೇಕು. ಶೆಡ್ಯೂಲ್ 60ರ ದಪ್ಪ 12.70, ಶೆಡ್ಯೂಲ್ 80ರದು 15.09. ಅಂದರೆ ಸಿ ಶೆಡ್ಯೂಲ್ 60ರಲ್ಲೇ ಮುಗಿಯುತ್ತದೆ, ಮೀಟರಿಗೆ 14 ಕಿಲೋಗಿಂತ ಹೆಚ್ಚು ತೂಕ ಉಳಿಯುತ್ತದೆ. ಇದೇ ಲೆಕ್ಕವನ್ನು 6 ಇಂಚಿಗೆ ಹಾಕಿದರೆ ಬಿಗೆ 9, ಸಿಗೆ 7.9 ಬರುತ್ತದೆ, ಶೆಡ್ಯೂಲ್ 40ರ ದಪ್ಪ 7.11 ಸಾಲದು, ಎರಡಕ್ಕೂ 10.97 ಮಿ.ಮೀ.ನ ಶೆಡ್ಯೂಲ್ 80 ಕೊಳ್ಳುವುದೇ ಗತಿ. ಅಲ್ಲಿ ಗ್ರೇಡ್ ಸಿ ಆರಿಸುವುದು ವ್ಯರ್ಥ. ಹೆಸರಿನ ಬಲ ನೋಡಿ ಗ್ರೇಡ್ ಆರಿಸದೆ, ಸೈಜ್ ಸೈಜಿಗೂ ಈ ಲೆಕ್ಕ ಹಾಕಲೇಬೇಕು.

ಹೆಚ್ಚಿನ ಇಂಗಾಲಕ್ಕೆ ವೆಲ್ಡಿಂಗ್‌ನಲ್ಲಿ ಬೆಲೆ ತೆರಬೇಕಾಗುತ್ತದೆ. ಬೆಸುಗೆಯ ಪಕ್ಕದ ಲೋಹ ಬೇಗ ತಣಿದರೆ ಪೆಡಸಾಗುತ್ತದೆ. ಎಲೆಕ್ಟ್ರೋಡ್‌ನ ತೇವದಿಂದ ಬಂದ ಹೈಡ್ರೋಜನ್ ಅಲ್ಲಿ ಸೇರಿಕೊಂಡರೆ, ಎಷ್ಟೋ ಗಂಟೆಗಳ ನಂತರ ಬಿರುಕು ಬಿಡಬಹುದು. ವೆಲ್ಡ್ ಆದ ತಕ್ಷಣ ಪರೀಕ್ಷಿಸಿ ಪಾಸ್ ಎಂದು ಬರೆದರೆ ಇಂಥ ಬಿರುಕು ಕಣ್ತಪ್ಪುತ್ತದೆ. ಗ್ರೇಡಿನ ಗರಿಷ್ಠ ಇಂಗಾಲದ ಮಿತಿಯೇ ಸಿಯಲ್ಲಿರುವಂತೆ ಶೇ. 0.30ಕ್ಕಿಂತ ಹೆಚ್ಚಿದ್ದು, ದಪ್ಪ 25 ಮಿ.ಮೀ. ಮೀರಿದ್ದರೆ ಕನಿಷ್ಠ 95 ಡಿಗ್ರಿಗೆ ಪ್ರೀಹೀಟ್ ಮಾಡಬೇಕು (ಬೆಸೆಯುವ ಮೊದಲೇ ಕಾಯಿಸಬೇಕು); ಹೈಡ್ರೋಜನ್ ಕಡಿಮೆ ಬಿಡುವ ಇ7018 ಎಲೆಕ್ಟ್ರೋಡನ್ನು ಓವನ್‌ನಿಂದ ತೆಗೆದು ಬಿಸಿಯಾಗಿಯೇ ಬಳಸಬೇಕು. ಇಡೀ ಜಾಯಿಂಟನ್ನು ಕಡಿಮೆ ಬಲದ 60 ಸರಣಿಯ ಎಲೆಕ್ಟ್ರೋಡ್‌ನಲ್ಲಿ ತುಂಬಿದರೆ ಬೆಸುಗೆ ಪೈಪಿಗಿಂತ ದುರ್ಬಲವಾಗಿ, ಸಿಯ ಲಾಭವೇ ಹೋಗುತ್ತದೆ.

ಬಿಸಿ ಏರಿದಂತೆ ಎರಡರ ನಡುವಿನ ಅಂತರವೂ ಕುಗ್ಗುತ್ತದೆ: 425 ಡಿಗ್ರಿ ಹೊತ್ತಿಗೆ ಅನುಮತಿಸಿದ ಒತ್ತಡ ಬಿಗೆ ಸುಮಾರು 74, ಸಿಗೆ 83. ಅದರಾಚೆ ವರ್ಷಗಟ್ಟಲೆ ಇಟ್ಟರೆ ಉಕ್ಕಿನೊಳಗಿನ ಕಾರ್ಬೈಡ್ ಒಡೆದು ಗ್ರಾಫೈಟ್ ಆಗತೊಡಗುತ್ತದೆ, ಬೆಸುಗೆಯ ಅಂಚಿನಲ್ಲಂತೂ ಅದು ಸಾಲುಗಟ್ಟಿ ಪೈಪನ್ನು ಸುಲಭವಾಗಿ ಮುರಿಯುವಂತೆ ಮಾಡುತ್ತದೆ. ಸೂಪರ್‌ಹೀಟೆಡ್ ಸ್ಟೀಮ್ ಲೈನ್‌ಗೆ ಕ್ರೋಮ್-ಮಾಲಿ ಪೈಪ್ ಹಾಕುವುದು ಈ ಕಾರಣಕ್ಕೆ.

ಫೀಡ್‌ವಾಟರ್ ಲೈನ್‌ನ ಎಲ್ಬೋಗಳು (ತಿರುವಿನ ತುಂಡುಗಳು) ಒಳಗಿನಿಂದ ಸವೆಯುವ ಸಮಸ್ಯೆಗೂ ಗ್ರೇಡ್ ಸಿ ಮದ್ದಲ್ಲ. ಆಮ್ಲಜನಕ ತೀರ ಕಡಿಮೆಯಾದ ನೀರು ರಭಸದಿಂದ ತಿರುಗುವಲ್ಲಿ, ಮುಖ್ಯವಾಗಿ 150 ಡಿಗ್ರಿ ಆಸುಪಾಸಿನಲ್ಲಿ, ಉಕ್ಕನ್ನು ಕಾಯುವ ಕಪ್ಪು ಆಕ್ಸೈಡ್ ಪದರ ಕರಗುತ್ತಾ ಹೋಗುತ್ತದೆ. ಇದನ್ನು ತಡೆಯುವುದು ಬಲವಲ್ಲ, ಕ್ರೋಮಿಯಂ. ಹಾಗಾಗಿ ಪೈಪಿನ ಜೊತೆ ಕಾರ್ಖಾನೆ ಕೊಡುವ ಮಿಲ್ ಸರ್ಟಿಫಿಕೇಟಿನಲ್ಲಿ ಇಂಗಾಲದ ಜೊತೆಗೆ ಕ್ರೋಮಿಯಂ ಅಂಕಿಯನ್ನೂ ನೋಡಿ: ಶೇ. 0.1 ದಾಟಿದ್ದರೂ ಸವೆತ ಗಮನಾರ್ಹವಾಗಿ ತಗ್ಗುತ್ತದೆ.