ಎಕ್ಸ್-ರೇ ಡಿಟೆಕ್ಟರ್ ಕ್ಯಾಲಿಬ್ರೇಶನ್: ದೂರ ಮತ್ತು ತರಂಗಾಂತರವನ್ನು ಬೇರ್ಪಡಿಸಿ ಅಳೆಯುವ ಬಗೆ

ಇಟಲಿಯ ಟ್ರಿಯೆಸ್ಟೆ ನಗರದ ಎಲೆಟ್ರಾ ಸಿಂಕ್ರೊಟ್ರಾನ್‌ನಲ್ಲಿ (ವೇಗದ ಎಲೆಕ್ಟ್ರಾನ್‌ಗಳಿಂದ ಪ್ರಖರ ಎಕ್ಸ್-ರೇ ಪಡೆಯುವ ಯಂತ್ರ) ಎಕ್ಸ್‌ಪ್ರೆಸ್ ಎಂಬ ಬೀಮ್‌ಲೈನ್, ಅಂದರೆ ಆ ಕಿರಣವನ್ನು ಬಳಸುವ ಪ್ರಯೋಗ ನೆಲೆ, ಇದೆ. ಭಾರತ ಮತ್ತು ಇಟಲಿಯ ಸಹಯೋಗದಲ್ಲಿ, ನಮ್ಮ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೂಲಕ ರೂಪುಗೊಂಡ ಈ ಬೀಮ್‌ಲೈನ್‌ನಲ್ಲಿ ವಜ್ರದ ಎರಡು ತುದಿಗಳ ನಡುವೆ ಪುಡಿ ಮಾದರಿಯನ್ನು ಒತ್ತಿ, ಅದರ ವಿವರ್ತನೆಯ ಉಂಗುರಗಳನ್ನು (ಸ್ಫಟಿಕಗಳಿಂದ ನಿರ್ದಿಷ್ಟ ಕೋನಗಳಲ್ಲಿ ಚದುರಿದ ಎಕ್ಸ್-ರೇಗಳು ಮೂಡಿಸುವ ಉಂಗುರಗಳನ್ನು) ದಾಖಲಿಸುತ್ತಾರೆ. ಇಲ್ಲಿನ ಕಿರಣದ ಶಕ್ತಿ ಸುಮಾರು 25 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗೆ ಸ್ಥಿರವಾಗಿದ್ದು, ತರಂಗಾಂತರ ಸುಮಾರು 0.4957 ಆಂಗ್‌ಸ್ಟ್ರಾಂ ಆಗಿರುತ್ತದೆ; ಉಂಗುರಗಳನ್ನು ಹಿಡಿಯಲು ಪಿಲಾಟಸ್ ಮಾದರಿಯ ಡಿಟೆಕ್ಟರ್ ಇದೆ. ಈ ಏರ್ಪಾಡನ್ನೇ ಉದಾಹರಣೆಯಾಗಿಟ್ಟುಕೊಂಡು, ಕ್ಯಾಲಿಬ್ರೇಶನ್‌ನಲ್ಲಿ, ಅಂದರೆ ತಿಳಿದ ಮೌಲ್ಯಗಳಿಗೆ ಹೋಲಿಸಿ ಅಳತೆಯನ್ನು ಸರಿಹೊಂದಿಸುವಲ್ಲಿ, ಯಾವ ದೋಷ ಎಲ್ಲಿಂದ ಬರುತ್ತದೆ ಎಂಬುದನ್ನು ಈ ಟಿಪ್ಪಣಿಯಲ್ಲಿ ನೋಡೋಣ.

ಮೊದಲಿಗೆ ಡಿಟೆಕ್ಟರ್. ಸ್ವಿಟ್ಜರ್ಲೆಂಡ್‌ನ ಪಾಲ್ ಶೆರರ್ ಸಂಸ್ಥೆಯಲ್ಲಿ ರೂಪುಗೊಂಡ ಪಿಲಾಟಸ್‌ನಲ್ಲಿ 172 ಮೈಕ್ರಾನ್ ಬದಿಯ ಪ್ರತಿಯೊಂದು ಪಿಕ್ಸೆಲ್ ಕೂಡ ತನ್ನದೇ ಎಣಿಕೆಗಾರನನ್ನು ಹೊಂದಿದ್ದು, ಫೋಟಾನ್‌ಗಳನ್ನು ಒಂದೊಂದಾಗಿ ಎಣಿಸುತ್ತದೆ. ಫೋಟಾನ್ ಸಿಲಿಕಾನ್ ಪದರದಲ್ಲಿ ಉಂಟುಮಾಡಿದ ವಿದ್ಯುದಾವೇಶವು ನಿಗದಿಪಡಿಸಿದ ಥ್ರೆಶೋಲ್ಡ್ ಮೀರಿದರೆ ಮಾತ್ರ ಎಣಿಕೆ ಒಂದರಷ್ಟು ಏರುತ್ತದೆ. ಥ್ರೆಶೋಲ್ಡ್ ಅನ್ನು ಸಾಮಾನ್ಯವಾಗಿ ಕಿರಣದ ಶಕ್ತಿಯ ಅರ್ಧಕ್ಕೆ, ಅಂದರೆ ಇಲ್ಲಿ 12.5 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗೆ ಇಡುತ್ತಾರೆ. ಇದಕ್ಕೆ ಕಾರಣವಿದೆ. ಎರಡು ಪಿಕ್ಸೆಲ್‌ಗಳ ಗಡಿಯಲ್ಲಿ ಬಿದ್ದ ಫೋಟಾನ್‌ನ ಆವೇಶ ಎರಡಕ್ಕೂ ಹಂಚಿಹೋಗುತ್ತದೆ. ಥ್ರೆಶೋಲ್ಡ್ ಅರ್ಧಕ್ಕಿಂತ ಕೆಳಗಿದ್ದರೆ ಅದೇ ಫೋಟಾನ್ ಎರಡು ಬಾರಿ ಎಣಿಕೆಯಾಗಬಹುದು, ಮೇಲಿದ್ದರೆ ಎರಡರಲ್ಲೂ ಎಣಿಕೆಯಾಗದೆ ತಪ್ಪಿಹೋಗಬಹುದು. ಥ್ರೆಶೋಲ್ಡ್‌ನ ಶಕ್ತಿಮಾಪಕವನ್ನು ತಿಳಿದ ಲೋಹಗಳ ಪ್ರತಿದೀಪ್ತಿಯಿಂದ (ಅವು ತಮ್ಮದೇ ನಿಗದಿತ ಶಕ್ತಿಯಲ್ಲಿ ಹೊರಸೂಸುವ ಎಕ್ಸ್-ರೇಯಿಂದ) ಹೊಂದಿಸುತ್ತಾರೆ: ತಾಮ್ರದ್ದು 8.05, ಮಾಲಿಬ್ಡಿನಮ್‌ನದು 17.48, ಬೆಳ್ಳಿಯದು 22.16 ಕಿಲೋ ಎಲೆಕ್ಟ್ರಾನ್ ವೋಲ್ಟ್. ಮಾದರಿಯಲ್ಲೇ ಮಾಲಿಬ್ಡಿನಮ್ ಇದ್ದರೆ ಅದರ ಪ್ರತಿದೀಪ್ತಿಯು 12.5ರ ಥ್ರೆಶೋಲ್ಡ್ ದಾಟಿ ಹಿನ್ನೆಲೆಯನ್ನು ಏರಿಸುತ್ತದೆ. ಆಗ ಥ್ರೆಶೋಲ್ಡ್ ಅನ್ನು ಮೇಲೇರಿಸಬಹುದು; ಆದರೆ ಪಿಕ್ಸೆಲ್‌ಗಳ ನಡುವಿನ ಸಂವೇದನೆಯ ವ್ಯತ್ಯಾಸವನ್ನು ಸರಿಪಡಿಸುವ ಕೋಷ್ಟಕವು ಹಳೆಯ ಥ್ರೆಶೋಲ್ಡ್‌ಗೆ ತಯಾರಾದದ್ದು ಎಂಬುದನ್ನು ಮರೆಯಬಾರದು.

ಪಿಲಾಟಸ್‌ನ ಮಾಡ್ಯೂಲ್‌ಗಳ ನಡುವೆ ಒಂದು ದಿಕ್ಕಿನಲ್ಲಿ 7, ಇನ್ನೊಂದು ದಿಕ್ಕಿನಲ್ಲಿ 17 ಪಿಕ್ಸೆಲ್‌ಗಳಷ್ಟು ಖಾಲಿ ಪಟ್ಟಿಗಳಿರುತ್ತವೆ. ಇವನ್ನೂ, ಸದಾ ಹೆಚ್ಚು ಎಣಿಸುವ ಇಲ್ಲವೇ ಏನನ್ನೂ ಎಣಿಸದ ಪಿಕ್ಸೆಲ್‌ಗಳನ್ನೂ, ನೇರ ಕಿರಣವನ್ನು ತಡೆಯುವ ಬೀಮ್‌ಸ್ಟಾಪ್‌ನ ನೆರಳನ್ನೂ ಮಾಸ್ಕ್‌ನಲ್ಲಿ, ಅಂದರೆ ಲೆಕ್ಕದಿಂದ ಹೊರಗಿಡುವ ಪಿಕ್ಸೆಲ್‌ಗಳ ಪಟ್ಟಿಯಲ್ಲಿ, ಸೇರಿಸಬೇಕು. ವಜ್ರಗಳು ಏಕಸ್ಫಟಿಕಗಳಾದ್ದರಿಂದ ಅವುಗಳ ಪ್ರತಿಫಲನದ ಪ್ರಖರ ಚುಕ್ಕೆಗಳು ಪುಡಿಯ ಉಂಗುರಗಳ ಮೇಲೆಯೇ ಬೀಳಬಹುದು. ಮಾಸ್ಕ್ ಮಾಡದಿದ್ದರೆ ಅವು ಸರಾಸರಿಯನ್ನು ಕೆಡಿಸುತ್ತವೆ.

ಇನ್ನು ರೇಖಾಗಣಿತಕ್ಕೆ ಬರೋಣ; ಟಿಪ್ಪಣಿಯ ಮುಖ್ಯ ಭಾಗ ಇದೇ. ಮಾದರಿ ಇರುವ ಜಾಗದಲ್ಲಿ ಲ್ಯಾಂಥನಮ್ ಹೆಕ್ಸಾಬೋರೈಡ್ ಅಥವಾ ಸೀರಿಯಮ್ ಡೈಆಕ್ಸೈಡ್‌ನಂತಹ, ಜಾಲಕ ಸ್ಥಿರಾಂಕ (ಸ್ಫಟಿಕದಲ್ಲಿ ಮರುಕಳಿಸುವ ಮೂಲ ಘಟಕದ ಬದಿಯ ಉದ್ದ) ಚೆನ್ನಾಗಿ ತಿಳಿದಿರುವ ಪುಡಿಯನ್ನಿಟ್ಟು ಚಿತ್ರ ತೆಗೆದು, ಅದರ ಉಂಗುರಗಳಿಂದ ಡಿಟೆಕ್ಟರ್‌ನ ದೂರ, ಕೇಂದ್ರ ಮತ್ತು ಓರೆಯನ್ನು ಲೆಕ್ಕಹಾಕುತ್ತೇವೆ. ಪೈಫೈ, ಡಯಾಪ್ಟಾಸ್ ಮುಂತಾದ ತಂತ್ರಾಂಶಗಳು ಈ ಕೆಲಸವನ್ನು ಕ್ಷಣದಲ್ಲಿ ಮಾಡುತ್ತವೆ. ಆದರೂ ಎರಡು ಉಂಗುರಗಳನ್ನಾದರೂ ಕೈಯಿಂದ ಲೆಕ್ಕಹಾಕಿ ನೋಡುವುದು ಒಳ್ಳೆಯದೆಂದು ನಾನು ನಂಬುತ್ತೇನೆ. ಲ್ಯಾಂಥನಮ್ ಹೆಕ್ಸಾಬೋರೈಡ್‌ನ ಜಾಲಕ ಸ್ಥಿರಾಂಕ ಸುಮಾರು 4.157 ಆಂಗ್‌ಸ್ಟ್ರಾಂ. ತರಂಗಾಂತರ, ಪರಮಾಣು ಪದರಗಳ ಅಂತರ ಮತ್ತು ಕೋನಗಳನ್ನು ಜೋಡಿಸುವ ಬ್ರ್ಯಾಗ್ ನಿಯಮದಂತೆ ಮೊದಲ ಉಂಗುರದ ಎರಡು ಥೀಟಾ ಕೋನ (ನೇರ ಕಿರಣದಿಂದ ಚದುರಿದ ಕಿರಣ ತಿರುಗಿದ ಕೋನ) 6.84 ಡಿಗ್ರಿ, ಎರಡನೆಯದರದು 9.67 ಡಿಗ್ರಿ. ಡಿಟೆಕ್ಟರ್ 500 ಮಿಲಿಮೀಟರ್ ದೂರದಲ್ಲಿದೆ ಎಂದಿಟ್ಟುಕೊಂಡರೆ ಅವುಗಳ ತ್ರಿಜ್ಯಗಳು ಸುಮಾರು 59.9 ಮತ್ತು 85.2 ಮಿಲಿಮೀಟರ್, ಅಂದರೆ 348 ಮತ್ತು 495 ಪಿಕ್ಸೆಲ್. ತಂತ್ರಾಂಶಕ್ಕೆ ಉಂಗುರಗಳ ಕ್ರಮಸಂಖ್ಯೆಯನ್ನು ತಪ್ಪಾಗಿ ಕೊಟ್ಟಿದ್ದರೆ ಈ ಲೆಕ್ಕದಿಂದ ಕೂಡಲೇ ತಿಳಿಯುತ್ತದೆ.

ಸೂಕ್ಷ್ಮವಾದ ತೊಂದರೆ ಬೇರೆಯೇ ಇದೆ. ಕಿರು ಕೋನಗಳಲ್ಲಿ ಉಂಗುರದ ತ್ರಿಜ್ಯವು ತರಂಗಾಂತರ ಮತ್ತು ದೂರಗಳ ಗುಣಲಬ್ಧವನ್ನು ಪದರಗಳ ಅಂತರದಿಂದ ಭಾಗಿಸಿದಷ್ಟು ಇರುತ್ತದೆ. ಆದ್ದರಿಂದ ತರಂಗಾಂತರವನ್ನು ಶೇಕಡಾ 0.2ರಷ್ಟು ಕಡಿಮೆಯೆಂದೂ ದೂರವನ್ನು ಅಷ್ಟೇ ಹೆಚ್ಚೆಂದೂ ಇಟ್ಟರೆ ಒಳಗಿನ ಉಂಗುರಗಳು ಬಹುತೇಕ ಇದ್ದಲ್ಲೇ ಕೂರುತ್ತವೆ, ಮತ್ತು ತಂತ್ರಾಂಶ ತೋರಿಸುವ ಉಳಿಕೆ ದೋಷವೂ (ಲೆಕ್ಕದ ಮತ್ತು ಅಳೆದ ಉಂಗುರಗಳ ನಡುವಿನ ವ್ಯತ್ಯಾಸ) ಚಿಕ್ಕದಾಗಿಯೇ ಇರುತ್ತದೆ. ಉಳಿಕೆ ಚಿಕ್ಕದಾಗಿದೆ ಎಂಬುದು ಉತ್ತರ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಹೊರಗಿನ ಉಂಗುರಗಳಲ್ಲಿ ಟ್ಯಾಂಜೆಂಟ್‌ನ ವಕ್ರತೆ ಇವೆರಡನ್ನೂ ಸ್ವಲ್ಪಮಟ್ಟಿಗೆ ಬೇರ್ಪಡಿಸುತ್ತದೆಯಾದರೂ, ಓರೆಯ ದೋಷವೂ ಅಲ್ಲೇ ಹೆಚ್ಚಾಗಿ ಕಾಣುವುದರಿಂದ ಅದನ್ನೊಂದನ್ನೇ ನೆಚ್ಚಿಕೊಳ್ಳಲಾಗದು.

ಶಕ್ತಿಯನ್ನು ಬದಲಿಸಬಲ್ಲ ಬೀಮ್‌ಲೈನ್‌ಗಳಲ್ಲಿ ಲೋಹದ ತೆಳು ಹಾಳೆಯನ್ನು ಕಿರಣದಲ್ಲಿಟ್ಟು, ಅದರ ಹೀರಿಕೆಯ ಅಂಚನ್ನು (ಹೀರಿಕೆ ಥಟ್ಟನೆ ಏರುವ ಶಕ್ತಿಯನ್ನು) ದಾಟುವಂತೆ ಶಕ್ತಿಯನ್ನು ಬದಲಿಸುತ್ತ ತರಂಗಾಂತರವನ್ನು ಪ್ರತ್ಯೇಕವಾಗಿ ನಿಗದಿಪಡಿಸುತ್ತಾರೆ. ಮಾಲಿಬ್ಡಿನಮ್‌ನ ಅಂಚು 20.00 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿದೆ. ಶಕ್ತಿ ಸ್ಥಿರವಾಗಿರುವ ಕಡೆ ಆ ದಾರಿಯಿಲ್ಲ. ಅಲ್ಲಿ ಡಿಟೆಕ್ಟರ್ ಅನ್ನು ಕಿರಣದ ದಿಕ್ಕಿನಲ್ಲಿ ತಿಳಿದ ಅಂತರಗಳಷ್ಟು ಸರಿಸಿ ಪ್ರತಿ ನಿಲುವಿನಲ್ಲೂ ಅದೇ ಪುಡಿಯ ಚಿತ್ರ ತೆಗೆಯಬೇಕು. ಸರಿಸಿದ ಅಂತರಕ್ಕೆ ಎದುರಾಗಿ ಒಂದು ಉಂಗುರದ ತ್ರಿಜ್ಯವನ್ನು ಗುರುತಿಸಿದರೆ ಸರಳರೇಖೆ ಸಿಗುತ್ತದೆ, ಅದರ ಇಳಿಜಾರು ಎರಡು ಥೀಟಾದ ಟ್ಯಾಂಜೆಂಟ್ ಆಗಿರುತ್ತದೆ. ದೂರ ಎಷ್ಟೆಂದು ತಿಳಿಯದೆಯೇ ಕೋನ ಸಿಕ್ಕಿತು. ಕೋನದಿಂದ ತರಂಗಾಂತರ, ತರಂಗಾಂತರದಿಂದ ದೂರ. ಈ ಕ್ರಮದ ಸೊಗಸು ನನಗೆ ಬಹಳ ಇಷ್ಟ, ಏಕೆಂದರೆ ಇಲ್ಲಿ ನಂಬಬೇಕಾದದ್ದು ಡಿಟೆಕ್ಟರ್ ಸರಿಯುವ ಹಳಿಯ ಅಳತೆಯನ್ನು, ಪಿಕ್ಸೆಲ್‌ನ ಅಗಲವನ್ನು ಮತ್ತು ಪುಡಿಯ ಜಾಲಕ ಸ್ಥಿರಾಂಕವನ್ನು ಮಾತ್ರ.

ಕೇಂದ್ರ ಮತ್ತು ಓರೆಯ ದೋಷಗಳನ್ನು ಗುರುತಿಸಲು ಉಂಗುರಗಳನ್ನು ಬಿಡಿಸಿ, ಎರಡು ಥೀಟಾವನ್ನು ಒಂದು ಅಕ್ಷದಲ್ಲೂ ಸುತ್ತಿನ ಕೋನವನ್ನು ಇನ್ನೊಂದರಲ್ಲೂ ಹಾಕಿ ನೋಡಬೇಕು. ಎಲ್ಲವೂ ಸರಿಯಿದ್ದರೆ ನೇರ ಗೆರೆಗಳು ಕಾಣುತ್ತವೆ. ಕೇಂದ್ರ ತಪ್ಪಿದ್ದರೆ ಪ್ರತಿ ಗೆರೆಯೂ ಒಂದು ಸುತ್ತಿಗೆ ಒಂದು ಅಲೆಯಂತೆ ಬಾಗುತ್ತದೆ, ಮತ್ತು ಒಳಗಿನ ಹೊರಗಿನ ಗೆರೆಗಳ ಬಾಗು ಹೆಚ್ಚುಕಡಿಮೆ ಒಂದೇ ಇರುತ್ತದೆ. ಓರೆ ತಪ್ಪಿದ್ದರೂ ಒಂದೇ ಅಲೆ ಕಾಣುತ್ತದೆ, ಆದರೆ ಅದು ಹೊರಗಿನ ಗೆರೆಗಳತ್ತ ಹೋದಂತೆ ತ್ರಿಜ್ಯದ ವರ್ಗದಂತೆ ದೊಡ್ಡದಾಗುತ್ತದೆ. ಒಂದೇ ಉಂಗುರವನ್ನು ನೋಡಿ ಇವೆರಡನ್ನು ಬೇರ್ಪಡಿಸಲು ಹೊರಟರೆ ಕೇಂದ್ರದ ತಪ್ಪನ್ನು ಓರೆಯಿಂದ ಮುಚ್ಚಿಹಾಕಿದಂತಾಗುತ್ತದೆ.

ಇಷ್ಟು ಎಚ್ಚರಿಕೆ ಏಕೆ ಬೇಕೆಂಬುದು, ಘನಗಾತ್ರ ಎಷ್ಟು ಕುಗ್ಗಿದೆ ಎಂಬುದರಿಂದ ಮಾಡುವ ಒತ್ತಡದ ಲೆಕ್ಕದಲ್ಲಿ ಸ್ಪಷ್ಟವಾಗುತ್ತದೆ. ದೂರದಲ್ಲಿ 500ಕ್ಕೆ 1 ಮಿಲಿಮೀಟರ್ ತಪ್ಪಿದರೆ ಪದರಗಳ ಅಂತರದಲ್ಲಿ ಶೇಕಡಾ 0.2, ಘನಗಾತ್ರದಲ್ಲಿ ಶೇಕಡಾ 0.6 ತಪ್ಪುತ್ತದೆ. ಘನಗಾತ್ರ ಗುಣಾಂಕ (ಸಂಕೋಚನವನ್ನು ಎದುರಿಸುವ ಗುಣದ ಅಳತೆ) 100 ಗಿಗಾಪಾಸ್ಕಲ್ ಇರುವ ವಸ್ತುವಿನಲ್ಲಿ ಇದು ಸುಮಾರು 0.6 ಗಿಗಾಪಾಸ್ಕಲ್‌ನ ಸುಳ್ಳು ಒತ್ತಡ. ಡಿಟೆಕ್ಟರ್ ಅಲುಗದಿದ್ದರೂ ಇದೇ ತಪ್ಪು ಬರಬಹುದು: ಕ್ಯಾಲಿಬ್ರೇಶನ್ ಪುಡಿ ಇದ್ದ ತಾಣದಲ್ಲೇ ವಜ್ರಕೋಶದೊಳಗಿನ ಮಾದರಿ ಇಲ್ಲದಿದ್ದರೆ ದೂರ ಬದಲಾದಂತೆಯೇ ಸರಿ. ಅದಕ್ಕಾಗಿ ಕೋಶವನ್ನು ಎಡಕ್ಕೂ ಬಲಕ್ಕೂ ಒಂದೇ ಕೋನದಷ್ಟು ತಿರುಗಿಸಿ, ಎರಡೂ ನಿಲುವುಗಳಲ್ಲಿ ಮಾದರಿಯ ಅಡ್ಡ ಸ್ಥಾನವನ್ನು ಅಳೆಯುತ್ತಾರೆ. ಆ ಎರಡು ಸ್ಥಾನಗಳ ವ್ಯತ್ಯಾಸವನ್ನು ತಿರುಗಿಸಿದ ಕೋನದ ಸೈನ್‌ನ ಇಮ್ಮಡಿಯಿಂದ ಭಾಗಿಸಿದರೆ, ಮಾದರಿಯು ತಿರುಗುವ ಅಕ್ಷದಿಂದ ಕಿರಣದ ದಿಕ್ಕಿನಲ್ಲಿ ಎಷ್ಟು ಸರಿದಿದೆ ಎಂಬುದು ಸಿಗುತ್ತದೆ. ಕೋಶವನ್ನು ಹೊರತೆಗೆದು ಒತ್ತಡ ಬದಲಿಸಿ ಮತ್ತೆ ಇಟ್ಟಾಗಲೆಲ್ಲ ಈ ಅಳತೆಯನ್ನು ಹೊಸದಾಗಿ ಮಾಡಬೇಕು.