ಮನುಷ್ಯ ಭೂಕಂಪ ತರಿಸಬಲ್ಲನೇ? ಪ್ರಚೋದಿತ ಭೂಕಂಪದ ಟಿಪ್ಪಣಿ

ಚಿಕ್ಕ ಉತ್ತರ: ಹೌದು. ಆದರೆ ದೊಡ್ಡ ಭೂಕಂಪದ ಶಕ್ತಿ ನಮ್ಮದಲ್ಲ. ಅದು ಬಂಡೆಯೊಳಗೆ ಬಹಳ ಕಾಲದಿಂದ ಕೂಡಿಕೊಂಡು ಬಂದದ್ದು. ಯಾವತ್ತೋ ಆಗಬೇಕಾಗಿದ್ದ ಜಾರುವಿಕೆ ಮುಂಚೆಯೇ ಆಗುವ ಹಾಗೆ ನಾವು ಮಾಡುತ್ತೇವೆ, ಅಷ್ಟೇ.

ಅದು ಹೇಗೆ? ಸ್ತರಭಂಗ ಅಂದರೆ ನೆಲದೊಳಗಿನ ಬಂಡೆ ಒಡೆದು ಜಾರುವ ಬಿರುಕು. ಅದರ ಎರಡೂ ಬದಿಯ ಬಂಡೆಗಳು ಒಂದನ್ನೊಂದು ಬಿಗಿಯಾಗಿ ಅದುಮಿಕೊಂಡಿರುತ್ತವೆ. ಆ ಬಿಗಿಯಿಂದಲೇ ಅವು ಜಾರದೆ ನಿಂತಿರುತ್ತವೆ. ಒಳಗೆ ಹೊಕ್ಕ ನೀರಿನ ಒತ್ತಡ ಏರಿದರೆ ಅದು ಎರಡೂ ಬದಿಯನ್ನು ಹೊರಕ್ಕೆ ತಳ್ಳುತ್ತದೆ. ಹಿಡಿತ ಸಡಿಲಾಗುತ್ತದೆ. ಬಂಡೆಯ ಸಣ್ಣ ರಂಧ್ರ, ಬಿರುಕುಗಳಲ್ಲಿರುವ ನೀರಿನ ಈ ಒತ್ತಡಕ್ಕೇ ರಂಧ್ರ ಒತ್ತಡ ಅನ್ನುತ್ತಾರೆ. ನೀರು ಎಣ್ಣೆಯ ಹಾಗೆ ಬಂಡೆಯನ್ನು ಜಾರಿಸುತ್ತದೆ ಅಂತ ಕೆಲವರು ಬರೆಯುತ್ತಾರೆ. ಅದು ತಪ್ಪು, ಇಲ್ಲಿ ಕೆಲಸ ಮಾಡುವುದು ಒತ್ತಡ.

ಇದು ಮೊದಲು ಚೆನ್ನಾಗಿ ಗೊತ್ತಾದದ್ದು ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್ ಬಳಿ. 1962ರಲ್ಲಿ ಅಲ್ಲಿನ ಸೇನೆ ರಾಸಾಯನಿಕ ತ್ಯಾಜ್ಯವನ್ನು ಸುಮಾರು 3.6 ಕಿ.ಮೀ. ಆಳದ ಬಾವಿಗೆ ಪಂಪ್ ಮಾಡತೊಡಗಿತು. ಕೆಲವೇ ವಾರಗಳಲ್ಲಿ ನೆಲ ನಡುಗಲು ಶುರುವಾಯಿತು. 1966ರಲ್ಲಿ ಪಂಪ್ ನಿಲ್ಲಿಸಿದರು. ವಿಚಿತ್ರ ಏನೆಂದರೆ, ಅಲ್ಲಿನ ಅತಿ ದೊಡ್ಡ ಕಂಪನಗಳು ಬಂದದ್ದು 1967ರಲ್ಲಿ! ಒಳಗೆ ಹೋದ ಒತ್ತಡ ನಿಧಾನವಾಗಿ ದೂರದವರೆಗೆ ಹರಡುತ್ತಲೇ ಇರುತ್ತದೆ, ಅದಕ್ಕೇ ಹೀಗೆ. ಆಮೇಲೆ ಅದೇ ಕೊಲೊರಾಡೊ ರಾಜ್ಯದ ರೇಂಜ್ಲಿ ಎಣ್ಣೆ ಬಾವಿಗಳಲ್ಲಿ ವಿಜ್ಞಾನಿಗಳು ಬೇಕೆಂದೇ ಒತ್ತಡ ಏರಿಸಿ, ಇಳಿಸಿ ನೋಡಿದರು. ಏರಿಸಿದಾಗ ಕಂಪನ ಜಾಸ್ತಿ, ಇಳಿಸಿದಾಗ ಕಡಿಮೆ. ನನ್ನ ಪ್ರಕಾರ ಈ ವಿಷಯದಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ.

ಅಮೆರಿಕದ ಇನ್ನೊಂದು ರಾಜ್ಯ ಒಕ್ಲಹೋಮದ್ದೂ ಇದೇ ಕಥೆ. ಎಣ್ಣೆಯ ಜೊತೆ ಮೇಲೆ ಬಂದ ಉಪ್ಪುನೀರನ್ನು ಮತ್ತೆ ಆಳಕ್ಕೆ ಬಿಟ್ಟರು. 2016ರಲ್ಲಿ ಪಾನೀ ಎಂಬಲ್ಲಿ 5.8ರ ಭೂಕಂಪ ಆಯಿತು.

ಅಣೆಕಟ್ಟಿನ ವಿಷಯಕ್ಕೆ ಬಂದರೆ ಕೊಯ್ನಾ ಬಿಟ್ಟು ಮಾತಾಡುವ ಹಾಗಿಲ್ಲ. ಮಹಾರಾಷ್ಟ್ರದ ಈ ಜಲಾಶಯ ತುಂಬತೊಡಗಿದ್ದು 1962ರ ಸುಮಾರಿಗೆ. 1967ರ ಡಿಸೆಂಬರ್ 11ರ ನಸುಕಿನಲ್ಲಿ 6.3ರ ಭೂಕಂಪ ಆಗಿ ಸುಮಾರು 180 ಜನ ಸತ್ತರು. ನೀರಿನ ಭಾರ ಒಂದೇ ಕಾರಣ ಅಂತ ಬರೆದರೆ ಅದು ಅರ್ಧ ಉತ್ತರ. ಕೆಳಗೆ ಇಂಗಿದ ನೀರಿನ ಒತ್ತಡವನ್ನೂ ಸೇರಿಸಿ.

ಜಲಾಶಯದಿಂದ ಭೂಕುಸಿತವೂ ಆಗುತ್ತದೆ. 1963ರಲ್ಲಿ ಇಟಲಿಯ ವಯೊಂಟ್ ಜಲಾಶಯಕ್ಕೆ ಇಡೀ ಗುಡ್ಡದ ಪಕ್ಕವೇ ಜಾರಿಬಿತ್ತು. ಎದ್ದ ಅಲೆ ಅಣೆಕಟ್ಟಿನ ಮೇಲಿಂದ ಹಾರಿ ಕೆಳಗಿನ ಊರುಗಳನ್ನು ಬಡಿಯಿತು. ಸುಮಾರು 2,000 ಜನ ಸತ್ತರು. ಅಣೆಕಟ್ಟು ಮಾತ್ರ ಹಾಗೇ ನಿಂತಿತ್ತು.

ಒಂದು ಎಚ್ಚರಿಕೆ. 2008ರ ಚೀನಾದ ಸಿಚುವಾನ್ ಭೂಕಂಪಕ್ಕೆ ಹತ್ತಿರದ ಜಿಪಿಂಗ್‌ಪು ಜಲಾಶಯ ಕಾರಣ ಅಂತ ಸಲೀಸಾಗಿ ಬರೆದುಬಿಡಬೇಡಿ. ಅದರ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತ ಇಲ್ಲ. ಉದಾಹರಣೆ ಬೇಕಿದ್ದರೆ ಕೊಯ್ನಾ ಇದೆಯಲ್ವಾ.