ಸ್ಕ್ವಾಟ್ ಮಾಡಿದರೆ ಕರ್ಲ್ ಬೇಡವೇ?

ಪ್ರಶ್ನೆ: ನನಗೆ 31 ವರ್ಷ. ಜಿಮ್ ಸೇರಿ ಮೂರು ತಿಂಗಳಾಯಿತು. ಬೆಳಗಿನ ಟ್ರೇನರ್ ‘ಸ್ಕ್ವಾಟ್, ಡೆಡ್‌ಲಿಫ್ಟ್, ಬೆಂಚ್ ಪ್ರೆಸ್ ಮಾಡಿ ಸಾಕು, ಕರ್ಲ್ ಎಲ್ಲ ಟೈಮ್ ವೇಸ್ಟ್’ ಅನ್ನುತ್ತಾರೆ. ಸಂಜೆಯವರು ‘ಒಂದೊಂದು ಮಸಲ್‌ಗೂ ಬೇರೆ ಬೇರೆ ಮಾಡದಿದ್ದರೆ ಬಾಡಿ ಬರಲ್ಲ’ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಬೆಳಗಿನವರು ಪವರ್‌ಲಿಫ್ಟಿಂಗ್ ಕಡೆಯವರಿರಬೇಕು, ಸಂಜೆಯವರು ಬಾಡಿಬಿಲ್ಡಿಂಗ್ ಕಡೆಯವರು. ಪವರ್‌ಲಿಫ್ಟಿಂಗ್‌ನಲ್ಲಿ ಸ್ಪರ್ಧೆ ನಡೆಯುವುದೇ ಆ ಮೂರು ಲಿಫ್ಟ್‌ಗಳ ಮೇಲೆ: ಸ್ಕ್ವಾಟ್ (ಹೆಗಲ ಮೇಲೆ ಬಾರ್ ಹೊತ್ತು ಕೂತು ಏಳುವುದು), ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತಿ ನಿಲ್ಲುವುದು), ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಬಾರ್ ಮೇಲಕ್ಕೆ ತಳ್ಳುವುದು). ಬಾಡಿಬಿಲ್ಡಿಂಗ್ ವೇದಿಕೆಯಲ್ಲಿ ಎಷ್ಟು ಕೆಜಿ ಎತ್ತಿದಿರಿ ಅಂತ ಯಾರೂ ಕೇಳುವುದಿಲ್ಲ. ಇಬ್ಬರೂ ತಮಗೆ ಫಲ ಕೊಟ್ಟಿದ್ದನ್ನೇ ಹೇಳುತ್ತಿದ್ದಾರೆ. ನಿಮಗೆ ಏನು ಬೇಕು ಅಂತ ಮಾತ್ರ ಇಬ್ಬರೂ ಕೇಳಿದ ಹಾಗೆ ಕಾಣುವುದಿಲ್ಲ.

ಒಂದಕ್ಕಿಂತ ಹೆಚ್ಚು ಕೀಲು ಒಟ್ಟಿಗೆ ಆಡಿದರೆ ಕಾಂಪೌಂಡ್. ಒಂದೇ ಕೀಲು ಆಡಿದರೆ ಐಸೊಲೇಷನ್. ಸ್ಕ್ವಾಟ್‌ನಲ್ಲಿ ಸೊಂಟ, ಮೊಣಕಾಲು, ಪಾದದ ಕೀಲು ಮೂರೂ ಮಡಚುತ್ತವೆ. ಕರ್ಲ್‌ನಲ್ಲಿ, ಅಂದರೆ ಭಾರ ಹಿಡಿದು ಕೈ ಮಡಚುವಾಗ, ಮೊಣಕೈ ಮಾತ್ರ. ನಮ್ಮ ಗರಡಿಮನೆಯ ದಂಡ, ಬಸ್ಕಿ ಎರಡೂ ಕಾಂಪೌಂಡೇ. ಆದರೆ ಗರಡಿಯವರು ಅಷ್ಟಕ್ಕೇ ನಿಲ್ಲಿಸುತ್ತಿರಲಿಲ್ಲ. ಮಟ್ಟಿ (ಕುಸ್ತಿ ಆಡುವ ಅಂಕಣ) ಮಣ್ಣು ಅಗೆಯುತ್ತಿದ್ದರು, ಹಗ್ಗ ಹತ್ತುತ್ತಿದ್ದರು. ದಂಡದಲ್ಲಿ ಬರೀ ತಳ್ಳುವ ಕೆಲಸ; ಎಳೆಯುವ ಕೆಲಸ ಬೇರೆ ಕಡೆಯಿಂದ ಬರಬೇಕಿತ್ತು, ಅಲ್ವಾ?

ನೀವು ಕೇಳಬೇಕಾದ್ದೂ ಅದನ್ನೇ: ನಾನು ಮಾಡುವ ದೊಡ್ಡ ಲಿಫ್ಟ್‌ಗಳಲ್ಲಿ ಯಾವ ಸ್ನಾಯುವಿಗೆ ಕೆಲಸ ಸಾಲುತ್ತಿಲ್ಲ?

ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ನೋಡಿ. ಅದರ ಹೆಚ್ಚಿನ ಭಾಗ ಸೊಂಟ ಮತ್ತು ಮೊಣಕಾಲು ಎರಡನ್ನೂ ದಾಟಿ ಹೋಗುತ್ತದೆ. ಸ್ಕ್ವಾಟ್‌ನಲ್ಲಿ ಕೆಳಗೆ ಇಳಿಯುವಾಗ ಸೊಂಟ ಬಾಗಿ ಅದನ್ನು ಎಳೆಯುತ್ತದೆ, ಅದೇ ಹೊತ್ತಿಗೆ ಮೊಣಕಾಲು ಮಡಚಿ ಸಡಿಲ ಮಾಡುತ್ತದೆ. ಹಗ್ಗದ ಒಂದು ತುದಿ ಎಳೆದು ಇನ್ನೊಂದು ತುದಿ ಬಿಟ್ಟುಕೊಟ್ಟ ಹಾಗೆ. ಉದ್ದ ಅಷ್ಟಾಗಿ ಬದಲಾಗುವುದೇ ಇಲ್ಲ. ಅದಕ್ಕೇ ವಾರಗಟ್ಟಲೆ ಸ್ಕ್ವಾಟ್ ಮಾಡಿಸಿ ಅಳೆದಾಗ ತೊಡೆಯ ಮುಂಭಾಗ, ಪೃಷ್ಠ ಬೆಳೆದಿದ್ದವು, ಹ್ಯಾಮ್‌ಸ್ಟ್ರಿಂಗ್ ಹಾಗೇ ಇತ್ತು. ಮುಂಭಾಗದ ನಾಲ್ಕು ಸ್ನಾಯುಗಳಲ್ಲೂ ಸೊಂಟ ದಾಟುವ ಒಂದು ಹೆಚ್ಚು ಬೆಳೆದಿರಲಿಲ್ಲ. ಆ ಒಂದಕ್ಕೆ ಲೆಗ್ ಎಕ್ಸ್‌ಟೆನ್ಷನ್ (ಮೆಷಿನ್‌ನಲ್ಲಿ ಕೂತು ಮೊಣಕಾಲು ನೇರ ಮಾಡುವುದು) ಬೇಕು.

ಹ್ಯಾಮ್‌ಸ್ಟ್ರಿಂಗ್‌ಗೆ ರೊಮೇನಿಯನ್ ಡೆಡ್‌ಲಿಫ್ಟ್ ಮಾಡಬಹುದು: ಮೊಣಕಾಲು ಸ್ವಲ್ಪವೇ ಬಾಗಿಸಿ, ಸೊಂಟದಿಂದ ಬಗ್ಗುವುದು. (ಆಡುವುದು ಹೆಚ್ಚುಕಡಿಮೆ ಸೊಂಟ ಒಂದೇ. ಹಾಗಾದರೆ ಇದು ಐಸೊಲೇಷನ್ನಾ? ಬಾರ್‌ಗೆ ನೂರು ಕೆಜಿ ಹಾಕಿ ಎತ್ತುವವರಿಗೆ ಹಾಗೆ ಹೇಳಿ ನೋಡಿ!) ಆದರೂ ಹ್ಯಾಮ್‌ಸ್ಟ್ರಿಂಗ್‌ನ ಒಂದು ಸಣ್ಣ ಭಾಗ ಮೊಣಕಾಲನ್ನು ಮಾತ್ರ ದಾಟುತ್ತದೆ. ಸೊಂಟ ಎಷ್ಟು ಬಾಗಿಸಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಭಾರದ ವಿರುದ್ಧ ಮೊಣಕಾಲು ಮಡಚುವ ಲೆಗ್ ಕರ್ಲ್ ಮೆಷಿನ್ ಬೇಕು.

ಭುಜದ ಪಕ್ಕದ ಭಾಗಕ್ಕೆ ಬೆಂಚ್ ಪ್ರೆಸ್‌ನಿಂದ ಸಿಗುವುದು ಕಡಿಮೆ, ಮೀನಖಂಡಕ್ಕೆ ಸ್ಕ್ವಾಟ್‌ನಿಂದಲೂ ಅಷ್ಟೇ. ರಟ್ಟೆಯ ಕಥೆ ಬೇರೆ. ನೀವು ರೋ (ಭಾರವನ್ನು ಮೈ ಕಡೆಗೆ ಎಳೆಯುವುದು), ಪುಲ್-ಅಪ್ (ಕಂಬಿಗೆ ಜೋತು ಮೈಯನ್ನು ಮೇಲಕ್ಕೆ ಎಳೆಯುವುದು) ಸರಿಯಾಗಿ ಮಾಡುತ್ತಿದ್ದರೆ ಬೈಸೆಪ್ಸ್‌ಗೆ ಆಗಲೇ ಸಾಕಷ್ಟು ಕೆಲಸ ಸಿಕ್ಕಿರುತ್ತದೆ. ಬೆಳಗಿನವರ ಪಟ್ಟಿಯಲ್ಲಿ ಇವೆರಡೂ ಇಲ್ಲ, ಗಮನಿಸಿದಿರಾ? ‘ಸ್ಕ್ವಾಟ್ ಮಾಡಿದರೆ ಹಾರ್ಮೋನ್ ಏರಿ ತೋಳೂ ದಪ್ಪ ಆಗುತ್ತೆ’ ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ. ಆ ಏರಿಕೆ ಸ್ವಲ್ಪ ಹೊತ್ತಿನದು, ಅದರಿಂದ ತೋಳು ಬೆಳೆಯುವುದಿಲ್ಲ.

ಇಷ್ಟೆಲ್ಲ ಹೇಳಿದೆ ಅಂತ ಬೆಳಗಿನವರನ್ನು ತಳ್ಳಿಹಾಕಬೇಡಿ. ಭಾರ ಎತ್ತುವುದು ಒಂದು ಕಲೆ, ಅದನ್ನೇ ಮಾಡಿ ಕಲಿಯಬೇಕು. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ ವೇಟ್‌ಲಿಫ್ಟಿಂಗ್‌ನಲ್ಲಿ ಸ್ನ್ಯಾಚ್ (ಒಂದೇ ಎತ್ತಿಗೆ ತಲೆಯ ಮೇಲಕ್ಕೆ) ಮತ್ತು ಕ್ಲೀನ್ ಆ್ಯಂಡ್ ಜರ್ಕ್ (ಮೊದಲು ಭುಜಕ್ಕೆ, ಆಮೇಲೆ ತಲೆಯ ಮೇಲಕ್ಕೆ) ಸೇರಿ 249 ಕೆಜಿ ಎತ್ತಿ ಬೆಳ್ಳಿ ಗೆದ್ದರು. ಲೆಗ್ ಎಕ್ಸ್‌ಟೆನ್ಷನ್ ಮೆಷಿನ್‌ನಲ್ಲಿ ಕೂತು ಆ ಕಲೆ ಬರುವುದಿಲ್ಲ. ಜೊತೆಗೆ ಟೈಮ್ ಕಮ್ಮಿ ಇರುವವರಿಗೆ ಕಾಂಪೌಂಡ್‌ನಷ್ಟು ಲಾಭ ಇನ್ನೊಂದಿಲ್ಲ.

ಮೂರು ತಿಂಗಳ ಹೊಸಬರಿಗೆ ನಾನು ಹೇಳುವುದು ಇದು. ವಾರಕ್ಕೆ ಮೂರು ದಿನ ಹೋಗಿ. ಮೈ ದಣಿಯುವ ಮೊದಲೇ ದೊಡ್ಡವನ್ನು ಮುಗಿಸಿ: ಸ್ಕ್ವಾಟ್ ಅಥವಾ ರೊಮೇನಿಯನ್ ಡೆಡ್‌ಲಿಫ್ಟ್, ಒಂದು ತಳ್ಳುವುದು, ಒಂದು ಎಳೆಯುವುದು. ಕೊನೆಯ ಹದಿನೈದು ನಿಮಿಷ ಲೆಗ್ ಕರ್ಲ್‌ಗೆ, ಲ್ಯಾಟರಲ್ ರೈಸ್‌ಗೆ (ಡಂಬೆಲ್ ಹಿಡಿದು ಕೈಗಳನ್ನು ಪಕ್ಕಕ್ಕೆ ಎತ್ತುವುದು, ಭುಜಕ್ಕೆ) ಇಡಿ. ಆಸೆ ಇದ್ದರೆ ಬೈಸೆಪ್ಸ್ ಕರ್ಲ್ ಕೂಡ ಮಾಡಿ, ತಪ್ಪೇನಿಲ್ಲ.

ಒಂದು ಮಾತ್ರ ನೆನಪಿಡಿ. ಸ್ಕ್ವಾಟ್‌ನಲ್ಲಿ 60 ಕೆಜಿಯಿಂದ 62.5ಕ್ಕೆ ಹೋದರೆ ಜಾಸ್ತಿ ಆಗುವುದು ಶೇ 4ರಷ್ಟು. ಲ್ಯಾಟರಲ್ ರೈಸ್‌ನಲ್ಲಿ 5 ಕೆಜಿ ಡಂಬೆಲ್ ಬಿಟ್ಟು 7.5 ಹಿಡಿದರೆ ಶೇ 50! ಭುಜ ಒಪ್ಪುವುದಿಲ್ಲ, ಸೊಂಟ ಬಳುಕಿಸಿ ಎತ್ತಲು ಶುರು ಮಾಡುತ್ತೀರಿ. ಅಲ್ಲಿ ಡಂಬೆಲ್ ಬದಲಿಸುವ ಮೊದಲು 10 ರೆಪ್ಸ್ (ಒಂದೇ ಸಲಕ್ಕೆ ಎತ್ತುವ ಎಣಿಕೆ) ಇದ್ದದ್ದನ್ನು ನಿಧಾನಕ್ಕೆ 20ರವರೆಗೆ ಒಯ್ಯಿರಿ.